ಹಬೆಯ ಲೆಕ್ಕ, ನೀರಿನ ಲೆಕ್ಕ

ಮಜಲಾಯಾ, ಪಶ್ಚಿಮ ಜಾವಾ
೨೭ ಮೇ ೧೯೭೯

ಪ್ರಿಯ ಯೊಸಿನಾ,

ಕವರಿನ ಮೇಲಿನ ಅಕ್ಷರ ನೋಡಿಯೇ ನೀನು ಮುಖ ಗಂಟಿಕ್ಕಿರುತ್ತೀಯ. ಪ್ರತಿ ತಿಂಗಳೂ ಬರೆಯುತ್ತೇನೆ ಅಂತ ಬಂದರಿನಲ್ಲಿ ನಿಂತು ಹೇಳಿದವನು ಎರಡು ವರ್ಷದಲ್ಲಿ ಬರೆದದ್ದು ಒಂದೇ ಕಾಗದ. ಅದೂ ರಂಜಾನ್ ಉಪವಾಸ ಮುಗಿದ ಲೆಬಾರನ್ ಹಬ್ಬದ ಶುಭಾಶಯ, ಕ್ರಿಶ್ಚಿಯನ್ ಹುಡುಗಿಗೆ! ಬೈಯುವುದಿದ್ದರೆ ಮೊದಲು ಬೈದುಬಿಡು, ಆಮೇಲೆ ಮುಂದೆ ಓದು.

ನಾನೀಗ ಇಲ್ಲಿಯ ಒಂದು ಬಟ್ಟೆ ಮಿಲ್ಲಿನಲ್ಲಿ ರಸಾಯನ ತಜ್ಞ. ಬಾಗಿಲ ಮೇಲೆ ಹೆಸರಿನ ಹಲಗೆಯೂ ಇದೆ: ದುದುಂಗ್ ಸುತಾರ್ಯಾ. ಅಮ್ಮ ಅದನ್ನು ನೋಡುವುದಕ್ಕೇ ಎರಡು ಸಲ ನೆಂಟರನ್ನು ಕರೆದುಕೊಂಡು ಬಂದಿದ್ದಳು.

ವಿಷಯಕ್ಕೆ ಬರುತ್ತೇನೆ. ಮಿಲ್ಲಿನ ಕೆಲಸಗಾರರ ಮಕ್ಕಳಿಗೆ ಸಂಜೆ ಹೊತ್ತು ಪಾಠ ಹೇಳುತ್ತೇನೆ. ಬಟ್ಟೆ ಬಿಳಿ ಮಾಡುವ ಪೆರಾಕ್ಸೈಡ್ ಒಡೆದು ನೀರೂ ಆಕ್ಸಿಜನ್ನೂ ಆಗುವಾಗ ಎಷ್ಟು ಶಾಖ ಬಿಡುತ್ತದೆ ಅಂತ ಒಬ್ಬ ಕೇಳಿದ. ಒಂದು ಲೋಟದಲ್ಲಿ ಚಿಟಿಕೆ ಕಪ್ಪು ಪುಡಿ ಹಾಕಿ ತೋರಿಸಿದ್ದೆ. ಬುಸ್ಸೆಂದು ಹಬೆ ಎದ್ದು ಹುಡುಗರೆಲ್ಲ ಚಪ್ಪಾಳೆ ತಟ್ಟಿದರು. ಸಮೀಕರಣಗಳನ್ನು ಕೂಡಿಸಿ ಕಳೆದು ಲೆಕ್ಕ ಮಾಡೋಣವೆಂದರೆ ಅಂಕಿಗಳ ಕೋಷ್ಟಕವಿದ್ದ ಪುಸ್ತಕ ಹೋದ ವರ್ಷ ಚಿತಾರುಮ್ ನದಿ ಮನೆಯೊಳಗೆ ನುಗ್ಗಿದಾಗ ನೀರುಪಾಲಾಯಿತು. ನಿನ್ನ ಹತ್ತಿರ ಇದ್ದೇ ಇರುತ್ತೆ. ಕಾಲೇಜಿನಲ್ಲಿ ನಾಲ್ಕು ವರ್ಷ ನಿನ್ನ ಬೆಂಚಿನಲ್ಲೇ ಕೂತು ನಿನ್ನ ಲೆಕ್ಕವನ್ನೇ ನಕಲು ಮಾಡಿದವನು ನಾನು. ಇನ್ನೊಂದು ಸಲ ಮಾಡಿಕೊಡು.

ಅವಸರವೇನಿಲ್ಲ. ಆದರೂ ಮೊದಲು ಸಿಕ್ಕ ಹಡಗಿಗೇ ಹಾಕಿದರೆ ಒಳ್ಳೆಯದು.

ನಿನ್ನ
ದುದುಂಗ್

•

ಬಂಡಾ ನೈರಾ, ಮಲುಕು
೧೪ ಜೂನ್ ೧೯೭೯

ದುದುಂಗ್,

ಬೈಯೋಣವೆಂದು ಕೂತೆ. ಆದರೆ ನೀನು ಮೊದಲೇ ಒಪ್ಪಿಕೊಂಡುಬಿಟ್ಟರೆ ಬೈಯುವುದರಲ್ಲಿ ಸುಖವೇ ಇರುವುದಿಲ್ಲ. ಇಲ್ಲಿಗೆ ಹಡಗು ಹದಿನೈದು ದಿನಕ್ಕೊಮ್ಮೆ. ಅದು ಬಂದ ದಿನ ಅಂಚೆಯ ಬಹರೂನ್ ಮಾಮ ಚೀಲ ಬಿಚ್ಚುವ ತನಕ ನಾನು ಅಲ್ಲೇ ನಿಂತಿರುತ್ತೇನೆ. "ಟೀಚರಮ್ಮ, ಯಾರದ್ದು ಬರ್ಬೇಕಿತ್ತು?" ಅಂತ ಕೇಳುತ್ತಾರೆ. "ಯಾರದ್ದೂ ಇಲ್ಲ, ಮಕ್ಕಳ ಪುಸ್ತಕ" ಅನ್ನುತ್ತೇನೆ. ಈ ಸಲ ನಿನ್ನ ಕವರು ಕೈಗಿಟ್ಟು, "ಇದ್ಯಾಕೋ ಪುಸ್ತಕದ ಹಾಗೆ ಕಾಣಲ್ಲ" ಅಂದರು.

ನಿನ್ನ ಲೆಕ್ಕ ಇಗೋ. ಮಕ್ಕಳಿಗೆ ಹೇಳುವ ಹಾಗೇ ಬರೆಯುತ್ತೇನೆ, ಇಲ್ಲದಿದ್ದರೆ ನೀನೂ ತಪ್ಪು ಮಾಡಿ ಅವರನ್ನೂ ಕೆಡಿಸುತ್ತೀಯ.

ಗೊತ್ತಿರುವ ಸಮೀಕರಣ ಎರಡು. ಒಂದು, ಹೈಡ್ರೋಜನ್ನೂ ಆಕ್ಸಿಜನ್ನೂ ಸೇರಿ ಪೆರಾಕ್ಸೈಡ್ ಆಗುವುದು. ಅದರಲ್ಲಿ ೧೮೮ ಕಿಲೋಜೌಲ್ ಹೊರಬರುತ್ತದೆ. ಎರಡು, ಅವೇ ಸೇರಿ ನೀರಾಗುವುದು. ಅದರಲ್ಲಿ ೨೪೨ ಹೊರಬರುತ್ತದೆ. ನಮಗೆ ಪೆರಾಕ್ಸೈಡ್ ಎಡಗಡೆ ಬೇಕು, ಹಾಗಾಗಿ ಮೊದಲನೆಯದನ್ನು ತಿರುಗಿಸು. ತಿರುಗಿಸಿದರೆ ಶಾಖದ ಚಿಹ್ನೆಯೂ ತಿರುಗುತ್ತದೆ (ಪ್ರತಿ ಪರೀಕ್ಷೆಯಲ್ಲೂ ನೀನು ಮರೆಯುತ್ತಿದ್ದದ್ದು ಇದನ್ನೇ). ಎರಡನ್ನೂ ಕೂಡು. ಎರಡು ಕಡೆಯ ಹೈಡ್ರೋಜನ್ ಹೊಡೆದುಹೋಗುತ್ತದೆ. ಉಳಿಯುವುದು ಪೆರಾಕ್ಸೈಡ್ ಒಡೆದು ನೀರು ಮತ್ತು ಅರ್ಧ ಆಕ್ಸಿಜನ್ ಆಗುವುದು. ೨೪೨ರಲ್ಲಿ ೧೮೮ ಹೋದರೆ ೫೪. ಒಂದು ಮೋಲ್ ಒಡೆದರೆ ಇಷ್ಟು ಶಾಖ.

ಲೋಟದಿಂದ ಹಬೆ ಎದ್ದಿತು ಅಂದೆಯಲ್ಲ, ಆದ್ದರಿಂದ ನೀರನ್ನು ಹಬೆ ಅಂತಲೇ ಹಿಡಿದಿದ್ದೇನೆ. ಇದೇ ಪ್ರಶ್ನೆಗೆ ಇನ್ನೊಂದು ಉತ್ತರವೂ ಇದೆ. ಅದನ್ನು ಬರೆಯುವುದಿಲ್ಲ. ನಿನ್ನ ಹುಡುಗರಲ್ಲಿ ಜಾಣರಿದ್ದರೆ ಕೇಳುತ್ತಾರೆ, ಆಗ ನೀನು ನನಗೆ ಮತ್ತೊಂದು ಕಾಗದ ಬರೆಯಲೇಬೇಕಾಗುತ್ತದೆ.

ಯೊಸಿನಾ

•

ಮಜಲಾಯಾ
೫ ಜುಲೈ ೧೯೭೯

ಪ್ರಿಯ ಯೊಸಿ,

ಜೀವ ಉಳಿಸಿದೆ. ಐವತ್ತನಾಲ್ಕು! ಕೆಂಪು ಶಾಯಿಯಲ್ಲಿ ಬರೆದು ಮೇಜಿನ ಗಾಜಿನಡಿ ಇಟ್ಟುಕೊಂಡಿದ್ದೇನೆ. ನಿನ್ನ ಕಾಗದ ಓದುತ್ತಿದ್ದಾಗ ಬಣ್ಣದ ಶೆಡ್ಡಿನ ಮಾಂಗ್ ಜುಹಾನಾ ಬಂದರು. ಮಿಲ್ಲಿಗೆಲ್ಲ ಹಿರಿಯರು, ಅದಕ್ಕೇ ಎಲ್ಲರಿಗೂ ಮಾಂಗ್, ಅಂದರೆ ಮಾಮ. ಓದು ಬರೆಹ ಬರುವುದಿಲ್ಲ, ತೊಟ್ಟಿಯ ಸದ್ದು ಕೇಳಿಯೇ ಒಳಗಿನ ಬಿಸಿ ಹೇಳಿಬಿಡುತ್ತಾರೆ. "ಹುಡುಗಿ ಕಾಗದಾನಾ ತಜ್ಞರೇ? ಮದ್ವೆ ಊಟಕ್ಕೆ ನಾನು ಹಲ್ಲು ಕಟ್ಟಿಸ್ಕೋಬೇಕಾ ಹೇಗೆ?" ಅಂದರು. "ಲೆಕ್ಕದ ಕಾಗದ ಮಾಂಗ್" ಅಂದೆ. "ಲೆಕ್ಕ ಮಾಡೋಕೆ ಯಾರೂ ಇಷ್ಟು ನಗಲ್ಲ ಬಿಡಿ" ಅಂತ ಹೋದರು.

ಹುಡುಗರಿಗೆ ಇದನ್ನೇ ಹಿಗ್ಗಿಸಿ ಮನೆಪಾಠ ಕೊಟ್ಟಿದ್ದೇನೆ. ಹಳೆಯ ಪೆರಾಕ್ಸೈಡ್ ಇಪ್ಪತ್ತು ಪೀಪಾಯಿ, ಒಂದು ಮುಚ್ಚಿದ ತೊಟ್ಟಿ, ಒಳಗೆ ತಣ್ಣೀರು ಹರಿಯುವ ಉಕ್ಕಿನ ಸುರುಳಿ ಕೊಳವೆ. ಒಂದು ಮೋಲಿಗೆ ೫೪ ಅಂತ ಹಿಡಿದರೆ ಗಂಟೆಗೆ ಎರಡು ಪೀಪಾಯಿ ಬಿಟ್ಟರೂ ಕೊಳವೆಯ ನೀರು ಶಾಖವನ್ನೆಲ್ಲ ಹೊತ್ತೊಯ್ಯುತ್ತದೆ. ನಾನು ಎರಡು ಸಲ ಮಾಡಿ ನೋಡಿದೆ. ನೀನೂ ಬಿಡುವಾದಾಗ ಕಣ್ಣಾಡಿಸು.

೨೩ನೇ ತಾರೀಕು ಸೋಮವಾರ ಇಲ್ಲೊಂದು ದೊಡ್ಡ ಕೆಲಸವಿದೆ. ಉಪವಾಸದ ತಿಂಗಳು ಶುರುವಾಗುವ ಮೊದಲು ಮುಗಿಯಲೇಬೇಕು ಅಂತ ಮ್ಯಾನೇಜರ್ ಸನುಸಿ ಬೆನ್ನು ಹತ್ತಿದ್ದಾರೆ. ಅದೊಂದು ಮುಗಿದರೆ ನಿಧಾನವಾಗಿ ಎಲ್ಲ ಬರೆಯುತ್ತೇನೆ. ಬರೆಯಬೇಕಾದದ್ದು ಬಹಳ ಇದೆ.

ನಿನ್ನ
ದುದುಂಗ್

•

ತಂತಿ, ಬಂಡಾ ನೈರಾ, ೨೨ ಜುಲೈ ೧೯೭೯

ದುದುಂಗ್ ಸುತಾರ್ಯಾ ಮಜಲಾಯಾ. ನಿಲ್ಲಿಸು. ನೀರು ಹಬೆಯಲ್ಲ. ೫೪ ತಪ್ಪು. ೯೮. ಶುರುಮಾಡಬೇಡ. ಯೊಸಿನಾ.

•

ಬಂಡಾ ನೈರಾ
೨೩ ಜುಲೈ ೧೯೭೯, ಬೆಳಿಗ್ಗೆ

ದುದುಂಗ್,

ತಂತಿ ಈಗ ನಿನ್ನ ಕೈಯಲ್ಲಿರಬೇಕು. ಇರಲಿ ದೇವರೇ. ನಿನ್ನ ಕಾಗದ ಸಿಕ್ಕಿದ್ದು ನಿನ್ನೆ, ಇಗರ್ಜಿ ಮುಗಿದ ಮೇಲೆ, ಬಂದರಿನಲ್ಲಿ ಹಡಗಿನ ಚೀಲ ಬಿಚ್ಚಿದಾಗ. ಇಪ್ಪತ್ತು ಪೀಪಾಯಿ ಅಂತ ಇದ್ದದ್ದನ್ನು ಮತ್ತೊಂದು ಸಲ ಓದಿದೆ. ಯಾವ ಮೇಷ್ಟರು ಮನೆಪಾಠಕ್ಕೆ ಉಕ್ಕಿನ ಸುರುಳಿ ಕೊಳವೆ ಕೊಡುತ್ತಾರೆ? ನಿನಗೆ ಸಂಜೆ ಪಾಠವೂ ಇಲ್ಲ, ಹುಡುಗರೂ ಇಲ್ಲ. ಸೋಮವಾರದ ದೊಡ್ಡ ಕೆಲಸ ಅದೇ ತಾನೇ?

ಅಂಚೆ ಕಚೇರಿಗೆ ಓಡಿದೆ. ಭಾನುವಾರ, ಬಾಗಿಲು ಹಾಕಿತ್ತು. ಬಹರೂನ್ ಮಾಮ ಮನೆಯ ಮುಂದೆ ಜಾಯಿಕಾಯಿ ಒಣಹಾಕುತ್ತಿದ್ದರು.

"ಇವತ್ತು ಯಂತ್ರ ಮುಟ್ಟಲ್ಲ ಟೀಚರಮ್ಮ. ಯಾರು ಸತ್ರು?"

"ಇನ್ನೂ ಯಾರೂ ಸತ್ತಿಲ್ಲ ಮಾಮ. ಅದಕ್ಕೇ ತೆಗೀರಿ ಅಂತಿರೋದು."

ನನ್ನ ಮುಖ ನೋಡಿ ಎದ್ದು ಬಂದರು. ಅಂಬೋನ್ ಕಚೇರಿಯವರು ಸಂಜೆ ತನಕ ಉತ್ತರ ಕೊಡಲಿಲ್ಲ. ಕೊನೆಗೆ ಹೋಯಿತು. "ನಾಳೆ ಬೆಳಿಗ್ಗೆ ಬಾಂಡುಂಗ್, ಅಲ್ಲಿಂದ ಮಜಲಾಯಾ. ಕೈಗೆ ತಲುಪಿದ್ದಕ್ಕೆ ರಸೀದಿ ಬೇಕಾ?" ಅಂದರು. ಬೇಕು ಅಂದೆ.

ನಿನ್ನ ತೊಟ್ಟಿಯಲ್ಲಿ ಹುಟ್ಟುವ ನೀರು ಹಬೆಯಾಗಿ ಹಾರಿಹೋಗುವುದಿಲ್ಲ, ನೀರಾಗಿಯೇ ಉಳಿಯುತ್ತದೆ. ಹಬೆಯಾದರೆ ಒಂದಷ್ಟು ಶಾಖವನ್ನು ಜೊತೆಯಲ್ಲೇ ಒಯ್ಯುತ್ತಿತ್ತು. ನೀರಾದರೆ ಅಷ್ಟೂ ತೊಟ್ಟಿಯೊಳಗೇ ಉಳಿಯುತ್ತದೆ. ನೀರು ದ್ರವವಾಗಿ ಹುಟ್ಟಿದರೆ ಎರಡನೆಯ ಸಮೀಕರಣದ ಶಾಖ ೨೪೨ ಅಲ್ಲ, ೨೮೬. ಅದರಲ್ಲಿ ೧೮೮ ಹೋದರೆ ೯೮. ನೀನು ಹಿಡಿದದ್ದರ ಹೆಚ್ಚುಕಡಿಮೆ ಎರಡರಷ್ಟು.

ಈ ಅಂಕಿ ಹೋದ ತಿಂಗಳೇ ನನ್ನ ಮುಂದಿತ್ತು. ಕೋಷ್ಟಕದಲ್ಲಿ ಒಂದರ ಕೆಳಗೊಂದು ಎರಡೂ ಇವೆ. ಬರೆಯದೆ ಬಿಟ್ಟೆ. ನೀನು ಮತ್ತೆ ಬರೆಯಲಿ ಅಂತ. ಇಪ್ಪತ್ತೊಂಬತ್ತು ವರ್ಷದ ಮೇಷ್ಟರಮ್ಮ ಮಾಡಿದ ಕೆಲಸ ಇದು.

ತಂತಿ ಸಿಕ್ಕಿತು ಅಂತ ಒಂದು ಪದವನ್ನಾದರೂ ತಂತಿಯಲ್ಲೇ ಕಳಿಸು.

ಯೊಸಿನಾ

•

ಮಜಲಾಯಾ
೨೫ ಜುಲೈ ೧೯೭೯

ಯೊಸಿನಾ,

ನಿನ್ನ ತಂತಿ ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು. ಸೋಮವಾರ ಮಧ್ಯಾಹ್ನ ಮೂರು ಗಂಟೆಗೆ ಸಿಕ್ಕಿತು.

ಪಾಠದ ಹುಡುಗರು ಇಲ್ಲ, ತಂತಿ ನೋಡಿದರೆ ಅದನ್ನು ನೀನು ಊಹಿಸಿಯೇ ಇದ್ದೀಯ. ಹಳೆಯ ಪೀಪಾಯಿಗಳ ಜಾಗದಲ್ಲಿ ಹೊಸ ಶೆಡ್ಡು ಕಟ್ಟಬೇಕಾಗಿತ್ತು. ನದಿಗೆ ಸುರಿಯುವ ಹಾಗಿರಲಿಲ್ಲ, ಹೋದ ಸಲ ಮೀನು ಸತ್ತು ಕೆಳಗಿನ ಹಳ್ಳಿಯವರು ಗೇಟಿಗೆ ಬಂದು ಕೂತಿದ್ದರು. ತೊಟ್ಟಿಯಲ್ಲೇ ಒಡೆದು ನೀರು ಮಾಡಿ ಬಿಡೋಣ ಅಂತ ನಾನೇ ಹೇಳಿದೆ. ವಿಷಯ ಹೊರಗೆ ಹೋಗಕೂಡದು ಅಂತ ಸನುಸಿ ಕಟ್ಟಪ್ಪಣೆ ಮಾಡಿದ್ದರು. ಅದಕ್ಕೇ ನಿನಗೆ ಸುಳ್ಳು ಬರೆದೆ. ಇನ್ನೊಂದು ಕಾರಣವೂ ಇತ್ತು. ಹಲಗೆಯ ಮೇಲೆ ತಜ್ಞ ಅಂತ ಬರೆಸಿಕೊಂಡವನಿಗೆ ಈ ಲೆಕ್ಕ ಬರುವುದಿಲ್ಲ ಅಂತ ನಿನಗೆ ತಿಳಿಯುವುದು ಬೇಡವಾಗಿತ್ತು.

ಹನ್ನೊಂದು ಗಂಟೆಗೆ ತೊಟ್ಟಿ ಗುಡುಗಿತು. ನೊರೆ ಉಕ್ಕಿ ಮುಚ್ಚಳ ಹಾರಿತು. ಎಲ್ಲರೂ ಹೊರಗೆ ಓಡಿದೆವು. ಮಾಂಗ್ ಜುಹಾನಾ ಮಾತ್ರ ಏಣಿ ಹತ್ತಿ ಪೀಪಾಯಿಯ ನಲ್ಲಿ ಮುಚ್ಚಿದರು. ಮುಚ್ಚದಿದ್ದರೆ ಶೆಡ್ಡೇ ಉಳಿಯುತ್ತಿರಲಿಲ್ಲ. ಕೈ ಎರಡೂ, ಎದೆ, ಎಡಗೆನ್ನೆ ಬೆಂದಿದೆ. ಬಾಂಡುಂಗಿನ ಆಸ್ಪತ್ರೆಯಲ್ಲಿದ್ದಾರೆ. ಡಾಕ್ಟರು ಏನೂ ಹೇಳುತ್ತಿಲ್ಲ.

ಇದಕ್ಕಿಂತ ಹೆಚ್ಚು ಈಗ ಬರೆಯಲಾರೆ.

ದುದುಂಗ್

•

ಬಂಡಾ ನೈರಾ
೧೦ ಆಗಸ್ಟ್ ೧೯೭೯

ದುದುಂಗ್,

ನಿನ್ನ ಕಾಗದ ನಿನ್ನೆ ಬಂತು. ಇಂದು ತರಗತಿಗೆ ಹೋಗಿ ಹಲಗೆಯ ಮುಂದೆ ನಿಂತೆ, ಒಂದು ಅಂಕಿಯನ್ನೂ ಬರೆಯಲಾಗಲಿಲ್ಲ. ಮಕ್ಕಳು, "ಟೀಚರ್, ಜ್ವರಾನಾ?" ಅಂದರು. ಹೌದು ಅಂದೆ.

ಒಂದು ಸಾಲು, ದುದುಂಗ್. ಒಂದೇ ಸಾಲು ಹೆಚ್ಚು ಬರೆದಿದ್ದರೆ ಆ ಮನುಷ್ಯನ ಕೈ ಸರಿಯಾಗಿರುತ್ತಿತ್ತು. ನೀನು ಸುಳ್ಳು ಹೇಳಿದೆ, ನಿಜ. ಆದರೆ ಅಂಕಿ ಗೊತ್ತಿದ್ದೂ ಮುಚ್ಚಿಟ್ಟವಳು ನಾನು. ತಂತಿ ಭಾನುವಾರ ಮಧ್ಯಾಹ್ನವೇ ಅಂಬೋನ್ ದಾಟಿದ್ದರೆ, ನಾನು ಇಗರ್ಜಿಯಲ್ಲಿ ಕೊನೆಯ ಹಾಡಿಗೆ ನಿಲ್ಲದೆ ಬಂದರಿಗೆ ಹೋಗಿದ್ದರೆ, ಹೀಗೇ ಯೋಚಿಸುತ್ತಾ ಇದ್ದೇನೆ. ಮೂರು ಗಂಟೆಗೆ ತಲುಪಿತು ಅಂತ ನೀನು ಬರೆದದ್ದನ್ನು ಎಷ್ಟು ಸಲ ಓದಿದೆನೋ.

ವಿಚಾರಣೆ ಇದ್ದೇ ಇರುತ್ತದೆ. ಯಾರ ಹೆಸರಿಗೆ ಬರೆಯಬೇಕು ಅಂತ ತಿಳಿಸು. ತಪ್ಪು ಲೆಕ್ಕ ಕೊಟ್ಟವಳು ನಾನು ಅಂತ ಸಹಿ ಹಾಕಿ ಕಳಿಸುತ್ತೇನೆ. ನಮ್ಮ ಮುಖ್ಯೋಪಾಧ್ಯಾಯರಿಗೂ ಹೇಳಿ ಕೆಲಸ ಬಿಡುವುದು ಅಂತ ತೀರ್ಮಾನ ಮಾಡಿದ್ದೇನೆ. ಇಂಥ ಕೈಯಿಂದ ಮಕ್ಕಳಿಗೆ ಏನು ಬರೆಸಲಿ?

ಮಾಂಗ್ ಜುಹಾನಾ ಹೇಗಿದ್ದಾರೆ? ಕಣ್ಣು ಉಳಿದಿದೆಯಾ?

ಯೊಸಿನಾ

•

ಬಂಡಾ ನೈರಾ
೧೩ ಆಗಸ್ಟ್ ೧೯೭೯

ದುದುಂಗ್ ಸುತಾರ್ಯಾ ಅವರಿಗೆ,

ಮೊನ್ನೆ ಬರೆದ ಕಾಗದ ಇನ್ನೂ ಅಂಚೆಯ ಚೀಲದಲ್ಲೇ ಇದೆ, ಹಿಂದಿರುಗುವ ಹಡಗು ನಾಳೆ. ಇದನ್ನೂ ಅದರ ಜೊತೆ ಹಾಕುತ್ತಿದ್ದೇನೆ.

ಇಂದು ಬಹರೂನ್ ಮಾಮ ಶಾಲೆಗೇ ಬಂದರು. "ನಿಮ್ಮ ತಂತಿ ರಸೀದಿ ಬಂದು ಎಷ್ಟು ದಿನ ಆಯ್ತು, ನೀವು ಕೇಳ್ಲೇ ಇಲ್ಲ, ನಾನು ಡ್ರಾಯರಲ್ಲಿಟ್ಟು ಮರೆತೆ" ಅಂದು ಚೀಟಿ ಕೊಟ್ಟರು. ಅದರಲ್ಲಿದ್ದದ್ದನ್ನು ಹಾಗೇ ಬರೆಯುತ್ತೇನೆ.

ಮಜಲಾಯಾ. ೨೩ ಜುಲೈ. ಬೆಳಿಗ್ಗೆ ೯ ಗಂಟೆ ೧೦ ನಿಮಿಷ. ಸ್ವೀಕರಿಸಿದವರು: ದು. ಸುತಾರ್ಯಾ, ಸ್ವತಃ.

ತೊಟ್ಟಿ ಉಕ್ಕಿದ್ದು ಹನ್ನೊಂದಕ್ಕೆ ಅಂತ ಬರೆದವನೂ ನೀನೇ. ನಡುವೆ ಸುಮಾರು ಎರಡು ಗಂಟೆ ಇದೆ. ಆ ಎರಡು ಗಂಟೆ ಏನು ಮಾಡಿದೆ?

ನನಗೆ ಬರೆಯಬೇಡ. ವಿಚಾರಣೆಯವರಿಗೆ ಹೇಳು. ನೀನು ಹೇಳದಿದ್ದರೆ ಚೀಟಿ ನನ್ನ ಹತ್ತಿರ ಇದೆ.

ಯೊಸಿನಾ ಲೊಪುಲಾಲನ್

•

ಬಾಂಡುಂಗ್
೯ ಸೆಪ್ಟೆಂಬರ್ ೧೯೭೯

ಯೊಸಿನಾ,

ಬರೆಯಬೇಡ ಅಂದಿದ್ದೆ. ವಿಚಾರಣೆಯವರಿಗೆ ಹೇಳಿ ಮುಗಿಸಿ ಬರೆಯುತ್ತಿದ್ದೇನೆ. ಓದದೆ ಹರಿದರೂ ಸರಿ, ಆದರೆ ಮೊದಲ ಪುಟದಲ್ಲೇ ಇದೊಂದನ್ನು ಹೇಳಿಬಿಡುತ್ತೇನೆ: ನೀನು ಕೆಲಸ ಬಿಡಬೇಡ. ರಾಜೀನಾಮೆ ಕೊಟ್ಟಿದ್ದರೆ ವಾಪಸು ತೆಗೆದುಕೋ. ನಿನ್ನ ತಂತಿ ಸರಿಯಾದ ಹೊತ್ತಿಗೇ ಬಂದಿತ್ತು.

ಒಂಬತ್ತೂ ಹತ್ತಕ್ಕೆ ಸೈಕಲ್ಲಿನವನು ಶೆಡ್ಡಿನ ಬಾಗಿಲಿಗೇ ತಂದುಕೊಟ್ಟ. ಏಳು ಗಂಟೆಗೆ ಶುರುಮಾಡಿದ್ದೆವು, ನಾಲ್ಕು ಪೀಪಾಯಿ ಹೋಗಿತ್ತು. ಓದಿದೆ. ೯೮ ಅಂತ ನೋಡಿದ ಕೂಡಲೇ ಅರ್ಥವಾಯಿತು. ನಿನ್ನ ಹಳೆಯ ಕಾಗದದಲ್ಲಿ ಹಬೆ ಅಂತ ಇದ್ದ ಸಾಲು ಕಣ್ಣ ಮುಂದೆ ಬಂತು, ನಾನು ಹಾರಿಸಿ ಓದಿದ್ದ ಸಾಲು. ಸನುಸಿ ಪಕ್ಕದಲ್ಲೇ ಇದ್ದರು.

"ಏನ್ರೀ ತಂತಿ? ಮನೇಲಿ ಯಾರಿಗಾದ್ರೂ ಹುಷಾರಿಲ್ವಾ?"

"ಇಲ್ಲ ಸರ್. ಒಬ್ಬಳು ಹಳೇ ಗೆಳತಿ. ತಮಾಷೆಗೆ ಕಳಿಸಿದ್ದಾಳೆ."

ಹೀಗೆ ಅಂದೆ, ಯೊಸಿ. ನಿಲ್ಲಿಸಿ ಅಂತ ಒಂದು ಮಾತು ಸಾಕಿತ್ತು. ನಿಲ್ಲಿಸಿದರೆ ಯಾಕೆ ಅಂತ ಕೇಳುತ್ತಾರೆ, ಲೆಕ್ಕ ತಪ್ಪಿದೆ ಅನ್ನಬೇಕು, ಹನ್ನೆರಡು ಜನ ಕೆಲಸಗಾರರ ಮುಂದೆ. ಹಾಗೆ ಅನ್ನುವುದಕ್ಕೆ ಬಾಯಿ ಬರಲಿಲ್ಲ. ಶಾಖ ಎರಡರಷ್ಟಾದರೆ ನೀರೂ ಎರಡರಷ್ಟು ಬಿಟ್ಟರಾಯಿತು ಅಂತ ಇನ್ನೊಂದು ಕೊಳವೆಯ ನಲ್ಲಿ ತಿರುಗಿಸಿದೆ. ಮಾಂಗ್ ಜುಹಾನಾ ಕಿವಿಗೊಟ್ಟು ನಿಂತಿದ್ದವರು, "ತಜ್ಞರೇ, ಸದ್ದು ಸರಿಯಿಲ್ಲ. ಇನ್ನೊಂದು ನಲ್ಲಿ ಯಾಕೆ ಬಿಟ್ರಿ?" ಅಂದರು. "ಸುಮ್ನೆ, ಇರ್ಲಿ ಅಂತ" ಅಂದೆ. ಹತ್ತೂವರೆಗೆ ಪಕ್ಕದ ಶೆಡ್ಡಿನವರು ಬಟ್ಟೆ ತೊಳೆಯೋಕೆ ಶುರುಮಾಡಿದರು, ಕೊಳವೆಗಳಲ್ಲಿ ನೀರಿನ ಒತ್ತಡ ಬಿದ್ದುಹೋಯಿತು. ಆಮೇಲಿನದು ನಿನಗೆ ಗೊತ್ತು.

ನಿನಗೆ ಗೊತ್ತಿಲ್ಲದ್ದು ಇನ್ನೊಂದಿದೆ. ಆ ಬುಧವಾರ ಸನುಸಿ ಒಂದು ವರದಿ ಬರೆಸಿದರು: ಕೆಲಸಗಾರ ಜುಹಾನಾ ಅಪ್ಪಣೆ ಮೀರಿ ನಲ್ಲಿ ಜಾಸ್ತಿ ತೆರೆದದ್ದರಿಂದ ಅವಘಡ. ಕೆಳಗೆ ನನ್ನ ಸಹಿ ಇದೆ. ಸಹಿ ಹಾಕಿ ಮನೆಗೆ ಬಂದು ನಿನಗೆ ಮೂರು ಗಂಟೆ ಅಂತ ಬರೆದೆ. ತಂತಿಯ ಮಾರನೆಯ ದಿನ ನೀನು ನಿನ್ನನ್ನೇ ಬೈದುಕೊಂಡು ಬರೆದ ಕಾಗದ ಆಗಸ್ಟ್ ಎಂಟಕ್ಕೆ ಬಂತು. ಓದಿ, ಮಡಚಿಟ್ಟು, ಸುಮ್ಮನಾದೆ. ಮಾಡಿದ್ದರಲ್ಲೆಲ್ಲ ಅದೇ ಹೆಚ್ಚು ನಾಚಿಕೆಗೇಡು. ನಿನ್ನ ಕೊನೆಯ ಎರಡು ಕಾಗದ ಲೆಬಾರನ್ ಹಬ್ಬ ಕಳೆದು ಎರಡು ದಿನಕ್ಕೆ ಒಟ್ಟಿಗೇ ಸಿಕ್ಕವು. ಚೀಟಿಯ ವಿಷಯ ಓದಿದಾಗ ಹೆದರಿಕೆಯಾಯಿತು. ನಿಜ ಹೇಳಲಾ? ಹೆದರಿಕೆಗಿಂತ ಮೊದಲು ನಿರಾಳದ ಒಂದು ಉಸಿರು ಹೊರಬಿತ್ತು.

ಕಾರ್ಮಿಕ ಇಲಾಖೆಯ ಅಧಿಕಾರಿ ಮೂವತ್ತನೇ ತಾರೀಕು ಬಂದರು. ವಯಸ್ಸಾದ, ಮೆಲುಮಾತಿನ ಮನುಷ್ಯ. ವರದಿ ಓದಿಸಿ ನನ್ನ ಕಡೆ ತಿರುಗಿದರು.

"ಇದು ನಿಮ್ದೇ ಸಹಿ ತಾನೇ?"

"ನನ್ದೇ. ವರದಿ ಸುಳ್ಳು."

"ದುದುಂಗ್, ಕೂತ್ಕೋ," ಅಂದರು ಸನುಸಿ. "ಸರ್, ಇವ್ರಿಗೆ ಆವತ್ತಿನಿಂದ ನಿದ್ರೆ ಇಲ್ಲ, ಏನೇನೋ ಮಾತಾಡ್ತಾರೆ."

ನಿನ್ನ ಕಾಗದಗಳನ್ನೂ ತಂತಿಯನ್ನೂ ಮೇಜಿನ ಮೇಲಿಟ್ಟೆ. ಅಧಿಕಾರಿ ಕನ್ನಡಕ ಹಾಕಿಕೊಂಡು ಜೂನ್ ಕಾಗದವನ್ನು ಗಟ್ಟಿಯಾಗಿ ಓದಿದರು, ಕೊನೆಯ ಸಾಲಿನ ತನಕ. ಮತ್ತೊಂದು ಕಾಗದ ಬರೆಯಲೇಬೇಕಾಗುತ್ತದೆ ಅನ್ನುವಲ್ಲಿ ಗುಮಾಸ್ತರಿಬ್ಬರು ಕಿಸಕ್ಕೆಂದರು. ನಿನ್ನ ಮಾತನ್ನು ಅಷ್ಟು ಜನ ಕೇಳುವ ಹಾಗೆ ಮಾಡಿದೆ. ಅದಕ್ಕೆ ಕ್ಷಮೆ ಕೇಳುತ್ತೇನೆ, ಉಳಿದದ್ದಕ್ಕೆ ಕೇಳುವ ಧೈರ್ಯವಿಲ್ಲ. ತಂತಿಯನ್ನು ಓದಿ ಅಧಿಕಾರಿ, "ಇದು ಎಷ್ಟು ಗಂಟೆಗೆ ಸಿಕ್ತು?" ಅಂದರು. "ಒಂಬತ್ತೂ ಹತ್ತಕ್ಕೆ" ಅಂದೆ. ಕನ್ನಡಕ ತೆಗೆದು, ಆ ಗಂಟೆಯನ್ನು ಗುಮಾಸ್ತನ ಕೈಲಿ ಬರೆಸಿದರು.

ವರದಿ ರದ್ದಾಯಿತು. ಕೆಲಸಗಾರನದು ತಪ್ಪಿಲ್ಲ ಅಂತ ಬರೆದುಕೊಂಡರು, ಆಸ್ಪತ್ರೆಯ ಖರ್ಚೂ ಸಂಬಳವೂ ಮಿಲ್ಲಿನದೇ ಅಂತಾಯಿತು. ನನ್ನ ಕೆಲಸ ಅವತ್ತೇ ಹೋಯಿತು. ಪೊಲೀಸರ ತನಕ ಹೋಗಬಹುದು ಅನ್ನುತ್ತಾರೆ. ಹೋಗಲಿ. ಅಮ್ಮನಿಗೂ ಹೇಳಿದ್ದೇನೆ.

ಮಿಲ್ಲಿನಿಂದ ನೇರ ಆಸ್ಪತ್ರೆಗೆ ಬಂದೆ. ಮಾಂಗ್ ಜುಹಾನಾರ ಕಣ್ಣು ಎರಡೂ ಉಳಿದಿವೆ, ಕೈಗಳು ಮೊಣಕೈ ತನಕ ಬ್ಯಾಂಡೇಜಿನಲ್ಲಿವೆ. ಬೆರಳು ಎಷ್ಟು ಮಡಚಲು ಬಂದೀತು ಅಂತ ಡಾಕ್ಟರಿಗೂ ಗೊತ್ತಿಲ್ಲ. ಹೆಂಡತಿ ಬಿ ಎನೋಕ್ (ಬಿ ಅಂದರೆ ಇಲ್ಲಿ ಚಿಕ್ಕಮ್ಮ) ಪಕ್ಕದಲ್ಲಿ ಕೂತಿದ್ದರು. ಅವರಿಬ್ಬರ ಮುಂದೆಯೇ ಎಲ್ಲ ಹೇಳಿದೆ.

ಕೇಳಿ ಮಾಂಗ್ ಒಂದೇ ಪ್ರಶ್ನೆ ಹಾಕಿದರು. "ನಾನು ಸದ್ದು ಸರಿಯಿಲ್ಲ ಅಂದಾಗ ನಿಂಗೆ ಗೊತ್ತಿತ್ತಾ?"

"ಗೊತ್ತಿತ್ತು ಮಾಂಗ್."

ತಜ್ಞರೇ ಅನ್ನುತ್ತಿದ್ದವರು ಮೊದಲ ಸಲ ಏಕವಚನದಲ್ಲಿ ಕರೆದದ್ದು. ಆಮೇಲೆ ಗೋಡೆ ಕಡೆ ಮುಖ ತಿರುಗಿಸಿದರು. ಬಿ ಎನೋಕ್, "ಹೊರಡಪ್ಪ ಈಗ" ಅಂದರು.

ಮಾರನೆಯ ದಿನ ಹೋದೆ. ಮಾತಿಲ್ಲ. ಬಾಗಿಲ ಹೊರಗೆ ಬೆಂಚಿನ ಮೇಲೆ ಸಂಜೆ ತನಕ ಕೂತು ಬಂದೆ. ಅದರ ಮಾರನೆಯ ದಿನವೂ ಹಾಗೇ. ಹೀಗೇ ಎಂಟು ದಿನ ಹೋಯಿತು. ನಿನ್ನೆ ಬೆಳಿಗ್ಗೆ ಬಿ ಎನೋಕ್ ಗಂಜಿಯ ಬಟ್ಟಲು ಹಿಡಿದು ಹೊರಗೆ ಬಂದರು. ಮುಖ ಸೋತುಹೋಗಿತ್ತು.

"ಆರು ವಾರದಿಂದ ನಾನೊಬ್ಳೇ. ಬಟ್ಟೆ ರಾಶಿ ಬಿದ್ದಿದೆ, ಒಗೆದು ಬರ್ಬೇಕು. ಇಲ್ಲಿ ಕೂತು ಬೆಂಚು ಸವೆಸೋ ಬದ್ಲು ಹೋಗಿ ಅವ್ರಿಗೆ ಉಣ್ಸು."

ಒಳಗೆ ಹೋಗಿ ಪಕ್ಕದಲ್ಲಿ ಕೂತೆ. ಅವರು ಚಾವಣಿ ನೋಡುತ್ತಿದ್ದರು. ಚಮಚ ತುಟಿಯ ಹತ್ತಿರ ಹಿಡಿದೆ, ಬಾಯಿ ತೆರೆಯಲಿಲ್ಲ. ಗಂಜಿ ಅವರ ಗದ್ದದ ಮೇಲೆ ಚೆಲ್ಲಿತು. ಒರೆಸಿದೆ, ಮತ್ತೆ ಹಿಡಿದೆ. ಪಕ್ಕದ ಹಾಸಿಗೆಯವನು ಕೂಡ ನೋಡುವುದನ್ನು ಬಿಟ್ಟು ಆಚೆ ತಿರುಗಿ ಮಲಗಿದ. ಕೊನೆಗೆ ಬಾಯಿ ತೆರೆದು ಒಂದು ಚಮಚ ತೆಗೆದುಕೊಂಡರು, ನುಂಗಿದರು, ಮುಖ ಹಿಂಡಿದರು.

"ಸುಡ್ತದೆ," ಅಂದರು. "ಊದಿ ಕೊಡು."

ಊದಿ ಕೊಟ್ಟೆ.

ದುದುಂಗ್